ಆಂಟೋನಿಯೊಗಳೇ ತುಂಬಿದ ಬೀರು

ಫೊಂತೆಲಾ
12 ನವೆಂಬರ್ 1998

ದೊರೊತೆಯಾ,

ನಿನ್ನ ಸಹಿಯಿರುವ ಸುತ್ತೋಲೆ ತಲುಪಿತು. "ಗ್ರಂಥಾಲಯದ ಕೆಲಸದ ಮೂಲಕ ವಿದ್ಯಾರ್ಥಿಗಳಲ್ಲಿ ತಾಂತ್ರಿಕ ಕೌಶಲಗಳ ಬೆಳವಣಿಗೆ" ಎಂಬ ಶೀರ್ಷಿಕೆ ಓದಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿತ್ತು. ಕೊಯಿಂಬ್ರಾದಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದು ಓದುತ್ತಿದ್ದಾಗ, ಇಸ್ತ್ರಿಪೆಟ್ಟಿಗೆ ಬಿಸಿಯಾಗದಿದ್ದರೆ ಅಳುತ್ತ ಕೂರುತ್ತಿದ್ದವಳು ನೀನು. ಈಗ ಉತ್ತರದ ಶಾಲೆಗಳಿಗೆಲ್ಲ ತಂತ್ರಜ್ಞಾನ ಕಲಿಸುವುದು ಹೇಗೆಂದು ಹೇಳಿಕೊಡುತ್ತಿದ್ದೀಯ. ಹತ್ತು ವರ್ಷ ಮಕ್ಕಳ ಮುಖ ನೋಡದೆ ಪೋರ್ತೊದ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕೂತರೆ ಇಂಥ ಧೈರ್ಯ ಬರುತ್ತದೆಂದು ಕಾಣುತ್ತದೆ.

ನೀವು ಕಳಿಸಿದ ನಾಲ್ಕು ಕಂಪ್ಯೂಟರ್ ಬಂದಿವೆ. ನಮ್ಮ ಮುಖ್ಯೋಪಾಧ್ಯಾಯ ಅಮಿಲ್ಕಾರ್, ಅಂದರೆ ಬರೀ ಡಿಗ್ರಿ ಮುಗಿಸಿದ ದಿನದಿಂದ ಊರಿಗೆಲ್ಲ ಡಾಕ್ಟರ್ ಅಮಿಲ್ಕಾರ್, ಪಾದ್ರಿಯನ್ನು ಕರೆಸಿ ಅವುಗಳ ಮೇಲೆ ಪವಿತ್ರ ನೀರು ಚಿಮುಕಿಸಿದರು. ನೀರು ಒಳಗೆ ಹೋಗದಂತೆ ನಾನು ಅಂಗೈ ಅಡ್ಡ ಹಿಡಿದೆ. ಅವರ ಹೆಂಡತಿ ಪ್ರತಿಯೊಂದು ಪರದೆಗೂ ಕ್ರೋಶಾ ಹೆಣಿಗೆಯ ಹೊದಿಕೆ ಹಾಕಿದರು, ಮನೆಯ ಟಿವಿಗೆ ಹಾಕುವಂತೆಯೇ. ಮೌಸ್‌ಗಳು ಕಳುವಾದಾವು ಎಂದು ಡಾಕ್ಟರ್ ಅವನ್ನು ತಮ್ಮ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿಕೊಂಡಿದ್ದಾರೆ. ನಾನು ಕೇಳಿದಾಗ, ಮೊದಲು ಮಕ್ಕಳು ಕೀಬೋರ್ಡ್ ನೋಡಿ ಅಭ್ಯಾಸ ಮಾಡಲಿ ಎಂದರು.

ಕೆಲಸಕ್ಕೆ ಐದು ಮಕ್ಕಳನ್ನು ತೆಗೆದುಕೊಂಡಿದ್ದೇನೆ. ಆರಿಸಿದ್ದೇನೆ ಎನ್ನುವುದು ಸುಳ್ಳು. ಯಾರು ತರಗತಿಯಲ್ಲಿ ಬೇಡವೋ ಅವರನ್ನು ಗ್ರಂಥಾಲಯಕ್ಕೆ ಅಟ್ಟುವುದು ಇಲ್ಲಿನ ಮೇಷ್ಟ್ರುಗಳ ಪದ್ಧತಿ. ಪುಸ್ತಕಗಳ ನಡುವೆ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಅವರಿಗೂ ಹೊಳೆದಿಲ್ಲ. ಐವರಲ್ಲಿ ವಾನಿಯಾ ಎಂಬವಳು ಹಿರಿಯಳು. ಒಂಬತ್ತನೆಯ ತರಗತಿಯಲ್ಲಿ ಎರಡನೆಯ ವರ್ಷ, ತರಗತಿಯಲ್ಲೇ ಸಿಗರೇಟನ್ನು ಬಿಡಿಬಿಡಿಯಾಗಿ ಮಾರುತ್ತಿದ್ದಾಗ ಸಿಕ್ಕಿಬಿದ್ದಳು. ಇವರು ನಿನ್ನ ಸುತ್ತೋಲೆಯ "ಯುವ ಸಹಾಯಕರು". ಮೇ ತಿಂಗಳ ಪರಿಶೀಲನೆಗೆ ನೀನೇ ಬರುತ್ತೀಯಂತೆ. ಬಾ. ಒಳ್ಳೆಯ ಚಪ್ಪಲಿ ಹಾಕಿಕೊಂಡು ಬರಬೇಡ, ಮೆಟ್ಟಿಲಿನ ಕಲ್ಲು ಎದ್ದಿದೆ.

ಒಲಿಂಪಿಯಾ


ಪೋರ್ತೊ
3 ಡಿಸೆಂಬರ್ 1998

ಒಲಿಂಪಿಯಾ,

ನಿನ್ನ ಪತ್ರ ಓದಿ ಕಚೇರಿಯಲ್ಲಿ ಯಾರೂ ನಗಲಿಲ್ಲ, ಏಕೆಂದರೆ ನಾನು ಯಾರಿಗೂ ತೋರಿಸಲಿಲ್ಲ.

ನಿಯಮಗಳನ್ನು ಇನ್ನೊಮ್ಮೆ ಹೇಳುತ್ತೇನೆ. ಸುತ್ತೋಲೆಗಳನ್ನು ನೀನು ಶೀರ್ಷಿಕೆಯವರೆಗೆ ಮಾತ್ರ ಓದುತ್ತೀ ಎಂದು ಗೊತ್ತಾಯಿತು. ಮೇ ತಿಂಗಳೊಳಗೆ ನಿಮ್ಮ ಗ್ರಂಥಾಲಯದ ಎಲ್ಲ ಪುಸ್ತಕಗಳೂ ಕಂಪ್ಯೂಟರಿನ ಸೂಚಿಯಲ್ಲಿ ಇರಬೇಕು, ಮತ್ತು ಅದನ್ನು ಮಕ್ಕಳು ಮಾಡಿರಬೇಕು. ಆಗಿದ್ದರೆ ಯಂತ್ರಗಳು ನಿಮ್ಮಲ್ಲೇ ಉಳಿಯುತ್ತವೆ, ಕೆಲಸ ಮಾಡಿದ ಮಕ್ಕಳಿಗೆ ಪ್ರಮಾಣಪತ್ರ ಸಿಗುತ್ತದೆ. ಆಗದಿದ್ದರೆ ಯಂತ್ರಗಳು ಬೇರೆ ಶಾಲೆಗೆ ಹೋಗುತ್ತವೆ. ಪ್ರಮಾಣಪತ್ರ ಇದ್ದವರಿಗೆ ಪೋರ್ತೊದ ವೃತ್ತಿಶಾಲೆಯ ಕಂಪ್ಯೂಟರ್ ಕೋರ್ಸಿನಲ್ಲಿ ನೇರವಾಗಿ ಸೀಟು, ಜತೆಗೆ ವಿದ್ಯಾರ್ಥಿನಿಲಯದಲ್ಲಿ ಜಾಗ.

ಉಳಿದ ಶಾಲೆಗಳವರು ಒಳ್ಳೆಯ ಮಕ್ಕಳನ್ನು ಆರಿಸಿ, ಪರದೆಯ ಮುಂದೆ ನಗುತ್ತಿರುವ ಫೋಟೊ ಕಳಿಸಿದ್ದಾರೆ. ನೀನು ಸಿಗರೇಟು ಮಾರುವವಳನ್ನು ಕೂರಿಸಿಕೊಂಡಿದ್ದೀಯ. ನಿನ್ನದು ಯಾವಾಗಲೂ ಇದೇ ರೀತಿ. ಯಾರೂ ಕೈಹಿಡಿಯದವರನ್ನು ಹುಡುಕಿ ತರುತ್ತೀ, ಆಮೇಲೆ ಅವರ ಮಧ್ಯೆ ನಿಂತು ಎಲ್ಲರಿಗಿಂತ ಎತ್ತರವಾಗಿ ಕಾಣುತ್ತೀ.

ದೊರೊತೆಯಾ


ಫೊಂತೆಲಾ
20 ಜನವರಿ 1999

ದೊರೊತೆಯಾ,

ಎತ್ತರದ ವಿಷಯ ಆಮೇಲೆ ಮಾತಾಡೋಣ. ಈಗ ಕೆಲಸದ ಸುದ್ದಿ.

ಮೌಸ್‌ಗಳು ಬಿಡುಗಡೆಯಾದವು. ಮೊದಲ ವಾರವೇ ಮೂರು ಕೆಟ್ಟವು. ಎಲ್ಡೆರ್ ಎಂಬ ಹುಡುಗ ಅವುಗಳ ಹೊಟ್ಟೆ ಬಿಚ್ಚಿ, ಉರುಳುವ ಚೆಂಡಿಗೆ ಅಂಟಿದ್ದ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆದ. ಡಾಕ್ಟರ್ ಅಮಿಲ್ಕಾರ್ ಅದನ್ನು ಕಂಡು, ಸರ್ಕಾರಿ ವಸ್ತುವನ್ನು ಕೊಯ್ದು ಹಾಕಿದೆಯಲ್ಲೋ ಎಂದು ಹುಡುಗನ ಕಿವಿ ಹಿಂಡಿದರು. ಇಂಟರ್ನೆಟ್‌ಗೂ ಕಚೇರಿಯ ಫೋನಿಗೂ ಒಂದೇ ತಂತಿ. ನಾವು ಜೋಡಿಸಿದ ಕೂಡಲೇ ಗುಮಾಸ್ತೆ ತಂಗಿಯ ಜತೆ ಮಾತಾಡಬೇಕೆಂದು ಕಿತ್ತುಹಾಕುತ್ತಾಳೆ. ಎರಡು ತಿಂಗಳಲ್ಲಿ ನಾವು ಇಂಟರ್ನೆಟ್‌ನಲ್ಲಿ ನೋಡಿದ್ದು ಒಂದು ಚಿತ್ರದ ಮೇಲರ್ಧ. ಏನೋ ಒಂದು ಪ್ರಾಣಿಯ ಕಿವಿಗಳು. ಕತ್ತೆಯೋ ಮೊಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ನಾನು ಕೀಬೋರ್ಡ್ ಮುಟ್ಟುವುದಿಲ್ಲ. ಪುಸ್ತಕ ಇಳಿಸುವುದು, ಟೈಪ್ ಮಾಡುವುದು, ಫ್ಲಾಪಿಗೆ ಉಳಿಸುವುದು, ಬೆನ್ನಿಗೆ ಚೀಟಿ ಅಂಟಿಸಿ ಮತ್ತೆ ಬೀರುವಿನಲ್ಲಿ ಜೋಡಿಸುವುದು, ಎಲ್ಲವೂ ಅವರದೇ. ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ಪಕ್ಕದ ಕೋಣೆಯಲ್ಲಿ ಫ್ರೆಂಚ್ ಪಾಠ ಮಾಡುತ್ತೇನೆ. ಒಂದು ದಿನದ ಕೆಲಸವನ್ನು ಉಳಿಸದೆ ಯಂತ್ರ ಆರಿಸಿ ಕಳೆದುಕೊಂಡ ಮೇಲೆ ಅವರಿಗೆ ಉಳಿಸುವುದು ಅಭ್ಯಾಸವಾಯಿತು. ನಿನ್ನ ಸುತ್ತೋಲೆಯಲ್ಲಿ ಅದಕ್ಕೆ ಅರ್ಧ ಪುಟದ ಸೂಚನೆಯಿದೆ. ಅವರಿಗೆ ಬೇಕಾದದ್ದು ಒಂದು ಮಧ್ಯಾಹ್ನದ ಅಳು.

ವಾನಿಯಾ ಸಿಗರೇಟು ಬಿಟ್ಟಿದ್ದಾಳೆ, ಮಾರುವುದನ್ನು. ಅವಳ ತಂದೆ ಅಬೀಲಿಯು ಶೂ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವವನು. ಅವಳಿಗೆ ಹದಿನಾರು ತುಂಬಿದೆ, ಸೆಪ್ಟೆಂಬರಿನಲ್ಲಿ ತನ್ನ ಪಕ್ಕದ ಬೆಂಚಿಗೆ ಸೇರಿಸುತ್ತೇನೆಂದು ಮೇಸ್ತ್ರಿಗೆ ಮಾತು ಕೊಟ್ಟಿದ್ದಾನೆ. ನಾನು ಹೋಗಿ ಪೋರ್ತೊದ ಕೋರ್ಸಿನ ವಿಷಯ ಹೇಳಿದೆ. ಎಲೆಕೋಸಿನ ಸೂಪು ಕುಡಿಯುತ್ತಲೇ ಕೇಳಿಸಿಕೊಂಡ. ಕೊನೆಗೆ ಒಂದು ಮಾತು ಹೇಳಿದ. "ನೋಡಿ ಟೀಚರಮ್ಮ, ಸರ್ಕಾರದ ಮೊಹರಿರೋ ಕಾಗದ, ಇರೋಕೆ ಜಾಗ. ಎರಡೂ ತೋರ್ಸಿ, ಕಳಿಸ್ತೀನಿ. ಬರೀ ಮಾತಿಗೆ ಮಗಳನ್ನ ಪೋರ್ತೊಗೆ ಕಳ್ಸೋ ಅಷ್ಟು ಓದಿಲ್ಲ ನಾನು."

ಹೀಗಾಗಿ, ದುರದೃಷ್ಟವಶಾತ್, ನಿನ್ನ ಮೊಹರು ಬೇಕಾಗಿದೆ.

ಒಲಿಂಪಿಯಾ


ಫೊಂತೆಲಾ
26 ಫೆಬ್ರವರಿ 1999

ದೊರೊತೆಯಾ,

ನೀನು ಕುರ್ಚಿಯಲ್ಲಿ ಒರಗಿ ಕೂತು ಓದಬಹುದಾದ ಸುದ್ದಿ ಇದು.

ಎಲ್ಡೆರ್ ಬಂದು, ಎ ಅಕ್ಷರಕ್ಕೆ ಎರಡು ಬೀರು ಸಾಲುತ್ತಿಲ್ಲ, ಇನ್ನೊಂದು ಬೇಕು ಎಂದ. ಹೋಗಿ ನೋಡಿದೆ. ಎರಡು ಬೀರುಗಳ ತುಂಬ ಆಂಟೋನಿಯೊಗಳು. ಕವಿ ಆಂಟೋನಿಯೊ, ಜೇನುಸಾಕಣೆಯ ಆಂಟೋನಿಯೊ, ಮೂತ್ರಪಿಂಡದ ಆಂಟೋನಿಯೊ, ಎಲ್ಲರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ. ಅತ್ತ ಜೋಸೆಗಳ ಸೈನ್ಯ, ಇತ್ತ ಮರಿಯಾಗಳ ಕಾನ್ವೆಂಟು. ಕೊನೆಯ ಬೀರುವಿನಲ್ಲಿ, ಜೆಡ್ ಅಕ್ಷರಕ್ಕೆ, ಒಬ್ಬಳೇ ಒಬ್ಬಳು ಜುಲ್ಮಿರಾ, ಅಡುಗೆ ಪುಸ್ತಕ ಬರೆದವಳು, ಉದ್ದಕ್ಕೆ ಮಲಗಿದ್ದಾಳೆ.

ಲೇಖಕರನ್ನು ಮನೆತನದ ಹೆಸರಿನಿಂದ ಜೋಡಿಸಬೇಕೆಂದು ಯಾರೂ ಅವರಿಗೆ ಹೇಳಲಿಲ್ಲ. ಯಾರೂ ಎಂದರೆ ನಾನು. ಅವರೇಕೆ ಕೇಳುತ್ತಾರೆ? ಮೊದಲ ತರಗತಿಯಿಂದ ಅವರ ಹಾಜರಿ ಕೂಗುವುದು ಮೊದಲ ಹೆಸರಿನ ಕ್ರಮದಲ್ಲಿ, ಪರೀಕ್ಷೆಯ ಫಲಿತಾಂಶ ಗೋಡೆಗೆ ಅಂಟಿಸುವುದು ಅದೇ ಕ್ರಮದಲ್ಲಿ. ಈ ದೇಶದ ಶಾಲೆಯಲ್ಲಿ ಓದಿದ ಯಾವ ಮಗುವಾದರೂ ಹಾಗೆಯೇ ಮಾಡುತ್ತದೆ. ವಿ ಅಕ್ಷರದ ವಾನಿಯಾ ಹತ್ತು ವರ್ಷದಿಂದ ಪಟ್ಟಿಯ ಕೊನೆಯಲ್ಲಿ ಕೂತವಳು. ಬರೆದವರಿಗೂ ಅದೇ ನ್ಯಾಯ ಅಂದುಕೊಂಡಳಂತೆ.

ಸೂಚಿ ತಪ್ಪು, ಚೀಟಿ ತಪ್ಪು, ಬೀರು ತಪ್ಪು. ಒಂದು ಗುಂಡಿ ಒತ್ತಿ ಸರಿಪಡಿಸುವಂತೆಯೂ ಇಲ್ಲ. ನಮ್ಮವರಿಗೆ ಇರುವ ನಾಲ್ಕೈದು ಹೆಸರುಗಳಲ್ಲಿ ಎಲ್ಲಿಂದ ಮನೆತನ ಶುರುವಾಗುತ್ತದೆ ಎಂಬುದು ಯಂತ್ರಕ್ಕೆ ತಿಳಿಯದು. ಒಂದೊಂದೇ ಪುಸ್ತಕ ಇಳಿಸಿ ನೋಡಬೇಕು.

ನಗು ಮುಗಿದ ಮೇಲೆ ಉತ್ತರ ಬರೆ.

ಒಲಿಂಪಿಯಾ


ಪೋರ್ತೊ
5 ಮಾರ್ಚ್ 1999

ಒಲಿಂಪಿಯಾ,

ನಕ್ಕೆ. ಮೂತ್ರಪಿಂಡದ ಹತ್ತಿರ ಬಂದಾಗ ಬಾಗಿಲು ಹಾಕಿಕೊಂಡು ನಕ್ಕೆ.

ಈಗ ಸರಿಯಾಗಿ ಕೇಳು. ನಮ್ಮಲ್ಲಿ ಇಬ್ಬರು ಟೈಪಿಸ್ಟರಿದ್ದಾರೆ, ಇಂಥ ಕೆಲಸ ಅವರಿಗೆ ನೀರು ಕುಡಿದಂತೆ. ಈಸ್ಟರ್ ರಜೆಯಲ್ಲಿ ಶಾಲೆ ಮುಚ್ಚಿರುವಾಗ ಕಳಿಸುತ್ತೇನೆ. ಒಂದು ವಾರದಲ್ಲಿ ಸೂಚಿ ಸರಿಯಾಗಿರುತ್ತದೆ. ಯಾರಿಗೂ ಹೇಳಬೇಕಿಲ್ಲ. ಬೇರೆ ಮೂರು ಶಾಲೆಗಳಿಗೂ ಹೀಗೆಯೇ ಕಳಿಸಿದ್ದೇನೆ. ಅವರು ಧನ್ಯವಾದ ಹೇಳಿದರು. ನಿನ್ನಿಂದ ಅದನ್ನು ನಿರೀಕ್ಷಿಸುವುದಿಲ್ಲ, ಬೀಗದ ಕೈ ಮಾತ್ರ ಕಾವಲುಗಾರನ ಹತ್ತಿರ ಬಿಟ್ಟಿರು.

ದೊರೊತೆಯಾ


ಫೊಂತೆಲಾ
11 ಮಾರ್ಚ್ 1999

ದೊರೊತೆಯಾ,

ಬೇಡ.

ನಿನ್ನ ಮೂರು ಶಾಲೆಗಳ ಮಕ್ಕಳು ಏನು ಕಲಿತರು? ತಪ್ಪಾದರೆ ಪೋರ್ತೊದಿಂದ ಯಾರೋ ಬಂದು ಬೀಗ ತೆಗೆದು ಸರಿಮಾಡಿ ಹೋಗುತ್ತಾರೆ ಎಂಬುದನ್ನು. ಆ ವಿದ್ಯೆ ಈ ದೇಶದಲ್ಲಿ ಈಗಾಗಲೇ ಸಾಕಷ್ಟು ಜನರಿಗೆ ಬರುತ್ತದೆ. ಕೆಲವರು ಅದರಲ್ಲೇ ಸಂಬಳ ತೆಗೆದುಕೊಳ್ಳುತ್ತಿದ್ದಾರೆ.

ಐವರನ್ನೂ ಕೂರಿಸಿಕೊಂಡು ವಿಷಯ ಹೇಳಿದೆ. ಟೈಪಿಸ್ಟರ ವಿಷಯವನ್ನೂ ಮುಚ್ಚಿಡಲಿಲ್ಲ. ಮೇ ಒಳಗೆ ನಮ್ಮಿಂದ ಮುಗಿಯುವುದು ಅನುಮಾನ, ಮುಗಿಯದಿದ್ದರೆ ಯಂತ್ರವೂ ಇಲ್ಲ, ಕಾಗದವೂ ಇಲ್ಲ ಎಂದೆ. ಆಮೇಲೆ ವಾನಿಯಾ ಕೇಳಿದಳು. "ಅವ್ರು ಬಂದು ಮಾಡಿದ್ರೆ ಕಾಗದದ ಮೇಲೆ ಯಾರ ಹೆಸ್ರು ಇರುತ್ತೆ ಟೀಚರ್?" ನಿಮ್ಮ ಹೆಸರೇ ಎಂದೆ. "ಹಾಗಾದ್ರೆ ಪೋರ್ತೊಗೆ ಹೋದ್ಮೇಲೆ ನಂಗೆ ಏನ್ ಬರುತ್ತೆ ಅಂತ ಕೇಳಿದ್ರೆ? ಅವ್ರನ್ನೂ ಜತೇಲಿ ಕರ್ಕೊಂಡ್ ಹೋಗ್ಲಾ?"

ಮರುದಿನದಿಂದ ಆಂಟೋನಿಯೊಗಳನ್ನು ಕೆಳಗಿಳಿಸುತ್ತಿದ್ದಾರೆ.

ಒಲಿಂಪಿಯಾ


ಪೋರ್ತೊ
15 ಏಪ್ರಿಲ್ 1999

ಒಲಿಂಪಿಯಾ,

ನಿನಗೆ ಒಂದೇ ಸಂಗತಿ ನೆನಪಿಸುತ್ತೇನೆ. ನಿನಗೆ ಕೆಲಸ ಇದೆ, ನಿವೃತ್ತಿವೇತನ ಬರುತ್ತದೆ, ಹಟ ಮಾಡುವ ಅನುಕೂಲ ಇದೆ. ಸೆಪ್ಟೆಂಬರಿನಲ್ಲಿ ಶೂ ಕಾರ್ಖಾನೆಯ ಅಂಟಿನ ವಾಸನೆಯಲ್ಲಿ ಕೂರುವವಳು ನೀನಲ್ಲ. ಹದಿನಾರರ ಹುಡುಗಿ ಶೂರಳಂತೆ ಮಾತಾಡಿದಳೆಂದು ಅವಳ ಬದುಕನ್ನು ಪಣಕ್ಕಿಡುವುದು ಶಿಕ್ಷಣವಲ್ಲ. ಟೈಪಿಸ್ಟರು ಇನ್ನೂ ಸಿದ್ಧರಿದ್ದಾರೆ.

ದೊರೊತೆಯಾ


ಪೋರ್ತೊ
28 ಮೇ 1999

ಶ್ರೀಮತಿ ಒಲಿಂಪಿಯಾ ವರೆಲಾ ಅವರಿಗೆ,

ಈ ತಿಂಗಳ 18ರಂದು ನಾನು ನಡೆಸಿದ ಪರಿಶೀಲನೆಯಲ್ಲಿ ನಿಮ್ಮ ಗ್ರಂಥಾಲಯದ ಸೂಚಿಯು ಎಂ ಅಕ್ಷರದವರೆಗೆ ಮಾತ್ರ ಸರಿಯಾಗಿದ್ದು, ಉಳಿದ ಭಾಗ ಬಳಕೆಗೆ ಯೋಗ್ಯವಾಗಿಲ್ಲವೆಂದು ಕಂಡುಬಂದಿದೆ. ಆದ್ದರಿಂದ ಈ ವರ್ಷ ಮಾನ್ಯತೆ ಹಾಗೂ ಪ್ರಮಾಣಪತ್ರಗಳನ್ನು ನೀಡಲು ಸಾಧ್ಯವಿಲ್ಲ. ಯಂತ್ರಗಳನ್ನು ಜುಲೈ 9ರಂದು ಒಯ್ಯಲಾಗುವುದು. ದಯವಿಟ್ಟು ಅವುಗಳನ್ನು ಮೂಲ ಪೆಟ್ಟಿಗೆಗಳಲ್ಲಿ ಇಟ್ಟಿರಬೇಕು.

ದೊರೊತೆಯಾ ಸಂಪಾಯೊ


ಫೊಂತೆಲಾ
9 ಜೂನ್ 1999

ಶ್ರೀಮತಿ ದೊರೊತೆಯಾ ಸಂಪಾಯೊ ಅವರಿಗೆ,

"ನೀವು" ಎಂದು ಬರೆದದ್ದು ಒಳ್ಳೆಯದಾಯಿತು. ಆದರೆ ನಾನು ಸಂಬೋಧನೆಯಲ್ಲಿ ಮಿತವ್ಯಯಿ, ನೀನು ಎಂದೇ ಬರೆಯುತ್ತೇನೆ.

ಆ ದಿನ ನಡೆದದ್ದನ್ನು ನಿನ್ನ ವರದಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ನೀನು ಬರುವ ಮೊದಲು ಡಾಕ್ಟರ್ ಅಮಿಲ್ಕಾರ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು, ಸರಿಯಾಗದ ಬೀರುಗಳು ಅವರ ಬೆನ್ನಿಗೆ ಮರೆಯಾಗುವಂತೆ. ಪರದೆಯ ಮೇಲೆ ಎ, ಬಿ, ಸಿ ಮಾತ್ರ ತೆರೆಯಬೇಕು, ಕೇಳಿದ್ದಕ್ಕೆ ಮುಗುಳ್ನಗಬೇಕು ಎಂದರು. ನೀನು ಒಳಗೆ ಬಂದೆ. ನನ್ನ ಕಡೆ ನೋಡಲಿಲ್ಲ. ಎಲ್ಲ ಮುಗಿದಿದೆಯೇ ಎಂದು ಕೇಳಿದೆ. ಎಲ್ಲವೂ ಮುಗಿದಿದೆ ಎಂದು ಡಾಕ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು. ನಿನ್ನ ಲೇಖನಿ ಆಗಲೇ ಕಾಗದದ ಮೇಲಿತ್ತು, ದೊರೊತೆಯಾ. ನಾನು ನೋಡುತ್ತಿದ್ದೆ. ನನ್ನ ಬಾಯಿ ತೆರೆಯಲಿಲ್ಲ, ನೀನು ಏಪ್ರಿಲ್‌ನಲ್ಲಿ ಬರೆದದ್ದು ನೆನಪಿನಲ್ಲಿತ್ತು.

ವಾನಿಯಾ ಸಾಲಿನಿಂದ ಪಕ್ಕಕ್ಕೆ ಸರಿದಳು. "ಇಲ್ಲ ಮೇಡಂ. ಎಂ ತನಕ ಆಗಿದೆ. ಇಲ್ಲಿಂದ ಮುಂದೆ ತಪ್ಪೇ ಇರೋದು. ನಾವೇ ಮಾಡಿದ್ದು."

ಅದನ್ನೇ ನೀನು ಬರೆದುಕೊಂಡೆ. ಅವಳ ಮಾತಿನಿಂದಲೇ ಅವಳನ್ನು ಕಟ್ಟಿಹಾಕಿದೆ. ಬೆನ್ನ ಹಿಂದೆ ಟೈಪಿಸ್ಟರನ್ನು ಕರೆಸಿಕೊಂಡ ಮೂರು ಶಾಲೆಗಳಿಗೆ ಮಾನ್ಯತೆ ಸಿಕ್ಕಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಫೋಟೊದಲ್ಲಿ ನೀನು ನಡುವೆ ನಿಂತಿದ್ದೀಯ, ಎಲ್ಲರಿಗಿಂತ ಎತ್ತರವಾಗಿ.

ಅಬೀಲಿಯುವಿನ ಮನೆಗೆ ಮತ್ತೆ ಹೋದೆ. ಮೊಹರಿಲ್ಲ, ಜಾಗವಿಲ್ಲ, ಆದರೂ ಮಗಳನ್ನು ಓದಿಸು ಎಂದೆ. ಅವನು ಕೋಪಿಸಿಕೊಳ್ಳಲಿಲ್ಲ. ನನಗೊಂದು ಕುರ್ಚಿ ಎಳೆದುಕೊಟ್ಟ. "ಅವ್ಳು ಸುಮ್ನಿದ್ದಿದ್ರೆ ಕಾಗದ ಸಿಗ್ತಿತ್ತಂತೆ, ಹೌದಾ?" ಎಂದ. ಹೌದೆಂದೆ. "ಸುಮ್ನಿರೋದು ಕಾರ್ಖಾನೇಲಿ ಮೊದಲ್ನೇ ದಿನಾನೇ ಕಲಿಸ್ತಾರೆ ಟೀಚರಮ್ಮ. ಅಲ್ಲಿಗೇ ಬರ್ಲಿ." ಸೆಪ್ಟೆಂಬರ್ ಒಂದರಂದು ಸೇರುತ್ತಾಳೆ.

ಮಕ್ಕಳು ಇನ್ನೂ ಬರುತ್ತಿದ್ದಾರೆ. ಪರೀಕ್ಷೆ ಮುಗಿಯಿತು, ಮಾನ್ಯತೆ ಇಲ್ಲ, ಯಂತ್ರಗಳು ಹೋಗುತ್ತವೆ ಎಂದು ಗೊತ್ತು. ನಿನ್ನೆ ಆರ್ ಮುಗಿಸಿದರು. ಏಕೆ ಎಂದು ನಾನು ಕೇಳಿಲ್ಲ. ನೀನೂ ಕೇಳಬೇಡ, ಅದರ ಮೇಲೊಂದು ಸುತ್ತೋಲೆ ಬರೆದುಬಿಡುತ್ತೀಯ.

ಇನ್ನು ಮುಂದೆ ನನಗೆ ಬರೆಯುವ ಶ್ರಮ ತೆಗೆದುಕೊಳ್ಳಬೇಡ.

ಒಲಿಂಪಿಯಾ ವರೆಲಾ


ಪೋರ್ತೊ
2 ಜುಲೈ 1999

ಒಲಿಂಪಿಯಾ,

ಶ್ರಮ ತೆಗೆದುಕೊಳ್ಳುತ್ತಿದ್ದೇನೆ.

ವರದಿಯಲ್ಲಿ ನಾನು ಬರೆದದ್ದು ನಿಜ. ಅರ್ಧ ಸೂಚಿಗೆ ಪೂರ್ತಿ ಸೂಚಿಯ ಸಹಿ ಹಾಕಿಕೊಡಲಿಲ್ಲವೆಂದು ನೀನು ಬೈಯುತ್ತಿದ್ದೀಯ. ಹಾಕಿದ್ದರೆ, ಮಾರ್ಚ್‌ನಲ್ಲಿ ನನಗೆ ಮಾಡಿದ ಉಪದೇಶಕ್ಕೆ ಏನರ್ಥವಿತ್ತು? ನಿನ್ನ ಹುಡುಗಿ ನಿನಗಿಂತ ನೇರವಾಗಿ ಯೋಚಿಸುತ್ತಾಳೆ. ನಿನ್ನ ಬಾಯಿ ತೆರೆಯದಿದ್ದುದನ್ನು ನಾನೂ ಗಮನಿಸಿದೆ. ವರದಿಯಲ್ಲಿ ಬರೆಯಲಿಲ್ಲ.

ಮೂರು ಶಾಲೆಗಳ ವಿಷಯ. ಆ ಫೋಟೊವನ್ನು ನಾನು ಕಚೇರಿಯ ಗೋಡೆಗೆ ಹಾಕಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಈ ಹತ್ತು ವರ್ಷ ಹೋದ ಕಡೆಯಲ್ಲೆಲ್ಲ ನನಗೆ ತೋರಿಸಿದ್ದು ಮುಗಿದ ಬೀರುಗಳನ್ನು. ಇಲ್ಲಿಂದ ಮುಂದೆ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿದವರು ಯಾರೂ ಇರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಅದನ್ನೇ ಯೋಚಿಸಿ ಸಿಟ್ಟು ಬಂತು, ಅವಳ ಮೇಲೆ ಮೊದಲು.

ಪ್ರಮಾಣಪತ್ರ ಕೊಡಲಾರೆ. ಆದರೆ ಅದಿಲ್ಲದವರಿಗೂ ವೃತ್ತಿಶಾಲೆಯಲ್ಲಿ ಸಂದರ್ಶನವಿದೆ, ಇದೇ 21ರಂದು. ಪಾಸಾದರೆ ಸೀಟು ಸಿಗುತ್ತದೆ, ವಿದ್ಯಾರ್ಥಿನಿಲಯ ಸಿಗುವುದಿಲ್ಲ. ನನ್ನ ಮನೆಯಲ್ಲಿ ತಾಯಿಯ ಕೋಣೆ ಖಾಲಿಯಿದೆ. ಹುಡುಗಿ ಅಲ್ಲಿರಬಹುದು. ಬಾಡಿಗೆ ಬೇಡ, ಪಾತ್ರೆ ತೊಳೆಯಲಿ. ಅವಳ ತಂದೆಗೆ ಬೇರೆ ಪತ್ರ ಬರೆದು ಇದರೊಳಗೆ ಇಟ್ಟಿದ್ದೇನೆ. ಕಚೇರಿಯ ಮೊಹರು ಹಾಕಿದ್ದೇನೆ. ಸ್ವಂತ ವಿಷಯಕ್ಕೆ ಮೊಹರು ಬಳಸುವುದು ನಿಯಮಕ್ಕೆ ವಿರುದ್ಧ, ಬೇಕಿದ್ದರೆ ದೂರು ಕೊಡು.

ಇದನ್ನು ದಯೆ ಎಂದು ತಿಳಿದು ಹರಿದುಹಾಕುವ ಮೊದಲು ಏಪ್ರಿಲ್ ಪತ್ರವನ್ನು ಇನ್ನೊಮ್ಮೆ ಓದು. ಹಟ ಮಾಡುವ ಅನುಕೂಲ ಇರುವುದು ನಿನಗೆ ಮಾತ್ರ.

ದೊರೊತೆಯಾ


ಫೊಂತೆಲಾ
8 ಸೆಪ್ಟೆಂಬರ್ 1999

ದೊರೊತೆಯಾ,

ನಿನ್ನ ಪತ್ರವನ್ನು ಒಂದು ದಿನ ಹರಿಯದೆ ಇಟ್ಟುಕೊಂಡೆ. ಮರುದಿನ ಅಬೀಲಿಯುವಿಗೆ ಕೊಟ್ಟೆ. ಅವನ ಮೂವರು ಮಕ್ಕಳಿಗೂ ಪಾಠ ಹೇಳಿದವಳು ನಾನು. ಎರಡು ಸಲ ಅವನ ಮನೆಗೆ ನಡೆದು ಹೋಗಿ ಮಾತಾಡಿದವಳು ನಾನು. ಅವನು ಮೊಹರನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, ಶಾಯಿ ಅಳಿಸದಿದ್ದುದನ್ನು ಕಂಡು, "ಇದು ಸರಿ" ಎಂದ. ಬೆಂಚಿನ ಜಾಗ ಬೇರೆಯವರಿಗೆ ಕೊಡಿ ಎಂದು ಮೇಸ್ತ್ರಿಗೆ ಅವನೇ ಹೇಳಿ ಬಂದ. ಈ ಊರಿನಲ್ಲಿ ನನ್ನ ಇಪ್ಪತ್ತೆರಡು ವರ್ಷದ ಮಾತಿನ ಬೆಲೆ ಅಷ್ಟು. ನಿನಗೆ ತಿಳಿಸದೆ ಇರಬಹುದಿತ್ತು, ಆದರೆ ಹುಡುಗಿಯ ಮುಂದೆ ನಾಚಿಕೆಯಾಗುತ್ತದೆ.

ಸಂದರ್ಶನದಲ್ಲಿ ಏನಾಯಿತೆಂದು ನಿನಗೆ ಗೊತ್ತಿರಬಹುದು. ಗ್ರಂಥಾಲಯದಲ್ಲಿ ಏನು ಮಾಡಿದೆ ಎಂದು ಕೇಳಿದರಂತೆ. "ಇಡೀ ಗ್ರಂಥಾಲಯನ ತಪ್ಪಾಗಿ ಜೋಡ್ಸಿದ್ವಿ. ಆಮೇಲೆ ಇಡೀ ಗ್ರಂಥಾಲಯನ ಸರಿಯಾಗಿ ಜೋಡ್ಸಿದ್ವಿ" ಎಂದಳಂತೆ. ಯಾವುದು ಕಷ್ಟವಾಯಿತು ಎಂದು ಕೇಳಿದರಂತೆ. ಎರಡನೆಯದಕ್ಕೆ ಫೋಟೊ ತೆಗೆಯಲು ಯಾರೂ ಬರಲಿಲ್ಲ ಎಂದಳಂತೆ. ಸೀಟು ಕೊಟ್ಟಿದ್ದಾರೆ.

ಯಂತ್ರಗಳು ಹೋದವು. ಹೋಗುವ ಹಿಂದಿನ ವಾರ ಮಕ್ಕಳು ಕೊನೆಯ ಅಕ್ಷರದವರೆಗೆ ಮುಗಿಸಿ, ಸೂಚಿಯನ್ನು ಅಚ್ಚುಹಾಕಿ ಹೊಲಿದಿಟ್ಟರು. ಮಾನ್ಯತೆ ಪಡೆಯದ ಸೂಚಿಯಿಂದ ನಮ್ಮವರು ದಿನಾ ಪುಸ್ತಕ ಹುಡುಕಿ ಓದುತ್ತಿದ್ದಾರೆ.

ಹುಡುಗಿಯನ್ನು ನಿನ್ನ ಬಳಿಗೆ ಕಳಿಸುತ್ತಿರುವುದರಿಂದ ನಿನ್ನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆಯೆಂದು ತಿಳಿಯಬೇಡ. ನಿನ್ನ ಕಚೇರಿ, ನಿನ್ನ ಸುತ್ತೋಲೆ, ನಿನ್ನ ಫೋಟೊ, ಯಾವುದರ ಬಗ್ಗೆಯೂ ಬದಲಾಗಿಲ್ಲ. ಪಾತ್ರೆಯನ್ನು ಅವಳು ಕೆಟ್ಟದಾಗಿ ತೊಳೆಯುತ್ತಾಳೆ, ಈಗಲೇ ಹೇಳಿಬಿಡುತ್ತೇನೆ. ಓದುವಾಗ ತಪ್ಪು ಮಾಡುತ್ತಿರುವುದು ಕಂಡರೆ ಪಕ್ಕದಲ್ಲಿ ಕೂತಿರು, ಕೈಹಾಕಬೇಡ. ಅವಳು ಕೇಳುತ್ತಾಳೆ. ಸ್ವಲ್ಪ ತಡವಾಗಿ ಕೇಳುತ್ತಾಳೆ, ನೀನು ಆ ತಡವನ್ನು ಸಹಿಸಬೇಕಾಗುತ್ತದೆ.

ಭಾನುವಾರ ಸಂಜೆಯ ಬಸ್ಸಿನಲ್ಲಿ ಬರುತ್ತಾಳೆ. ಸಂದರ್ಶನಕ್ಕೂ ಅಪ್ಪನ ಜತೆ ಬಂದವಳು, ಇದುವರೆಗೆ ಒಬ್ಬಳೇ ಎಲ್ಲೂ ಹೋದವಳಲ್ಲ. ಹೆದರಿಕೆಯಿಲ್ಲ ಎನ್ನುತ್ತಾಳೆ, ನಂಬಬೇಡ. ಕರೆದುಕೊಂಡು ಹೋಗಲು ಕಚೇರಿಯಿಂದ ಯಾರನ್ನೂ ಕಳಿಸಬೇಡ. ನೀನೇ ಹೋಗು.

ಒಲಿಂಪಿಯಾ